ಟರ್ಕಿಶ್‌ನಲ್ಲೂ ಒಂದು 'ಅಂತೆ' ಇದೆ

ಮೂರು ವಾರದಿಂದ ಟರ್ಕಿಶ್ ಕಲಿಯುತ್ತಿದ್ದೇನೆ. ಕಾರಣ ಏನಿಲ್ಲ, ಸುಮ್ನೆ. ಇವತ್ತಿನ ಪಾಠದಲ್ಲಿ ಒಂದು ಕಡೆ ನಿಂತುಬಿಟ್ಟೆ. 'ಗೆಲ್ದಿ' ಅಂದರೆ ಬಂದ, ನಾನೇ ನೋಡಿದೆ. 'ಗೆಲ್ಮಿಶ್' ಅಂದರೆ ಬಂದನಂತೆ! ನನ್ನ ಇಂಗ್ಲಿಷ್ ಪುಸ್ತಕಕ್ಕೆ ಇದನ್ನು ಬಿಡಿಸಿ ಹೇಳಲು ಒಂದೂವರೆ ಪುಟ ಬೇಕಾಗಿದೆ. ನಮಗೆ ಒಂದು 'ಅಂತೆ' ಸಾಕು, ಅಲ್ವಾ?

ಜಂಬದಿಂದ ಪುಟ ತಿರುಗಿಸಿದೆ. ಎರಡೂ ಪೂರ್ತಿ ಒಂದೇ ಅಲ್ಲ. ಬೆಳಿಗ್ಗೆ ಎದ್ದಾಗ ನೆಲ ಒದ್ದೆಯಾಗಿದ್ದರೆ, ರಾತ್ರಿ ಮಳೆ ಬಂದಿದೆ ಅನ್ನಲು ಅವರಿಗೆ ಇದೇ 'ಮಿಶ್' ಬೇಕು. ನಾವು 'ಬಂತಂತೆ' ಅನ್ನಬೇಕಾದರೆ ಯಾರಾದರೂ ಹೇಳಿರಬೇಕು. ಇನ್ನೂ ಮಜಾ ಅಂದರೆ 'ಉಯುಮುಶುಮ್'. ಓದುತ್ತಾ ಓದುತ್ತಾ ಕಣ್ಣು ಮುಚ್ಚಿಹೋಗಿ, ಎಚ್ಚರವಾದ ಮೇಲೆ 'ಅಯ್ಯೋ, ನಿದ್ದೆ ಬಂದುಬಿಟ್ಟಿತ್ತು' ಅಂತ ಹೇಳಿಕೊಳ್ಳುವ ಮಾತು. ತನ್ನದೇ ಸುದ್ದಿ ತನಗೇ ತಡವಾಗಿ ತಲುಪಿದ ಹಾಗೆ. (ನಾನಂತೂ ಈ ಪದವನ್ನು ದಿನಾ ಬಳಸಬಹುದು.)

ಇನ್ನು ಅವನು, ಅವಳು, ಅದು ಮೂರಕ್ಕೂ ಅವರಲ್ಲಿ 'ಓ' ಒಂದೇ. ಹಾಗಾಗಿ ಬಂದದ್ದು ಗಂಡೋ, ಹೆಣ್ಣೋ, ಬೆಕ್ಕೋ, 'ಗೆಲ್ಮಿಶ್' ಒಂದರಿಂದಲೇ ಗೊತ್ತಾಗುವುದಿಲ್ಲ.