ಆ ದಪ್ಪ ಪುಸ್ತಕ ಯಾರು ಓದ್ತಾರೆ?

ಯಾರೂ ಓದುವುದಿಲ್ಲ. ಆಯ್ತಾ? ಉತ್ತರ ಸಿಕ್ಕಿತಲ್ವಾ, ಇನ್ನು ಹೋಳಿಗೆ ತಣ್ಣಗಾಗುವ ಮೊದಲು ಊಟ ಮಾಡಿ.

ಮದುವೆ, ಕುಬಸ, ಗೃಹಪ್ರವೇಶ, ಬಸ್ ಸ್ಟ್ಯಾಂಡ್, ಎಲ್ಲ ಕಡೆ ಪಿಎಚ್‌ಡಿ ಪ್ರಬಂಧಗಳ ಬಗ್ಗೆ ನನಗೆ ಇದೇ ಪ್ರಶ್ನೆ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದಾಗಲೂ ಕೇಳಿದ್ದಾರೆ. ನಾನು "ಆ ಆ" ಅಂದೆ. ಅದಕ್ಕಿಂತ ಒಳ್ಳೆಯ ಉತ್ತರ ಆಮೇಲೂ ಹೊಳೆದಿಲ್ಲ.

ನಾನು ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಈ ಮೂರರಲ್ಲಿ ಯಾವುದೋ ಒಂದು ಅಂತಿಟ್ಟುಕೊಳ್ಳಿ. ಹೆಸರು ಹೇಳಿದರೆ ನಾಳೆ ಮೇಲಿನವರು ಕರೆಸುತ್ತಾರೆ. ಪಿಎಚ್‌ಡಿ ಮಾಡಿದವರ ಪ್ರಬಂಧಗಳನ್ನು ಶೋಧಗಂಗಾ ಅನ್ನುವ ವೆಬ್‌ಸೈಟಿಗೆ ಹಾಕುವುದು ನನ್ನ ಕೆಲಸ. ದೇಶದ ವಿಶ್ವವಿದ್ಯಾಲಯಗಳ ಪ್ರಬಂಧಗಳು ಅಲ್ಲಿ ಒಟ್ಟಿಗೆ ಇರುತ್ತವೆ. ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದು. ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಅನ್ನುವ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ಪ್ರಬಂಧದ ಡಿಜಿಟಲ್ ಪ್ರತಿ ಕೊಡಲೇಬೇಕು ಅಂತ ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಕೇಂದ್ರದ ಆಯೋಗ ಯುಜಿಸಿ 2009ರಲ್ಲೇ ನಿಯಮ ಮಾಡಿತು. ಹೊಸದೆಲ್ಲ ಪಿಡಿಎಫ್ ಆಗಿಯೇ ಬರುತ್ತದೆ. ಹಳೆಯದನ್ನು ನಾನೇ ಒಂದೊಂದು ಹಾಳೆ ತಿರುವಿ ಸ್ಕ್ಯಾನ್ ಮಾಡಬೇಕು. ಶೀರ್ಷಿಕೆ ಒಂದು ಫೈಲು, ಪ್ರಮಾಣಪತ್ರ ಒಂದು, ಅಧ್ಯಾಯಕ್ಕೊಂದು, ಕೊನೆಗೆ ಅನುಬಂಧ. ಸ್ಕ್ಯಾನರ್ ಬೆಳಕು ನೋಡಿ ನೋಡಿ ಸಂಜೆ ಹೊತ್ತಿಗೆ ಕಣ್ಣಲ್ಲಿ ಹಸಿರು ಗೆರೆ ಓಡುತ್ತದೆ.

ನನಗೆ ಸಿಟ್ಟು ಬರುವುದು ಪ್ರಶ್ನೆಗಲ್ಲ, ಅದನ್ನು ಕೇಳುವ ಧಾಟಿಗೆ. "ಯಾರ್ ಓದ್ತಾರ್ರೀ ಅದನ್ನ?" ಅಂತ ಕೇಳಿ ಪಕ್ಕದವರ ಕಡೆ ನೋಡಿ ನಗುತ್ತಾರೆ. ಅವರಿಗೆ ಉತ್ತರ ಬೇಕಿಲ್ಲ, ಆ ನಗೆ ಬೇಕು. ಗೋಳಗುಮ್ಮಟದ ಮುಂದೆ ನಿಂತು "ಇಷ್ಟು ದೊಡ್ಡದು ಕಟ್ಟ್ಯಾರ, ಒಳಗ ಯಾರ್ ಇರ್ತಾರ?" ಅಂತ ಯಾರಾದರೂ ಕೇಳುತ್ತಾರಾ? ಟಿಕೆಟ್ ತೆಗೆಸಿಕೊಂಡು, ಮೇಲೆ ಹತ್ತಿ, ಒಂದು ಕೂಗು ಹಾಕಿ ಬರುತ್ತಾರೆ.

ಹೋದ ವರ್ಷ ಬಾಗಲಕೋಟೆಯ ನವನಗರದಲ್ಲಿ ತಂಗಿಯ ಮಗಳ ಮದುವೆ. ಪಂಕ್ತಿಯಲ್ಲಿ ನನ್ನ ಎದುರಿಗೆ ಕಾಕಾ ಕೂತಿದ್ದರು. ನಮ್ಮ ಕಾಕಾನ ದನಿ ಮೈಕ್ ಇಲ್ಲದೆ ಮೂರು ಸೆಕ್ಟರ್‌ಗೆ ಕೇಳುತ್ತದೆ.

"ಏನವಾ, ಇನ್ನೂ ಅದ ಕೆಲಸಾನ? ಆ ದಪ್ಪ ದಪ್ಪ ಪುಸ್ತಕಾ ಫೋಟೋ ಹೊಡಿಯೂದು?"

ಹೌದು ಅಂದೆ.

"ಯಾರ್ ಓದ್ತಾರವಾ ಅದನ್ನ? ಬರದಂವಾ ಓದಿರ್ತಾನಿಲ್ಲೋ!"

ಇಡೀ ಸಾಲು ನಕ್ಕಿತು. ಬಡಿಸುವ ಹುಡುಗನೂ ನಕ್ಕು ನನ್ನ ರೊಟ್ಟಿಯ ಮೇಲೆ ಎರಡು ಸಲ ಎಣ್ಣೆಗಾಯಿ ಹಾಕಿದ. "ನೀವು ಜೀವನದಾಗ ಲಗ್ನಪತ್ರಿಕೆ ಬಿಟ್ಟು ಏನು ಓದೀರಿ ಕಾಕಾ?" ಅಂದುಬಿಟ್ಟೆ. ಅಂದ ಮೇಲೆ ಬೇಜಾರಾಯಿತು. ಅಷ್ಟು ಜಾಸ್ತಿಯೇನೂ ಅಲ್ಲ.

ಅವತ್ತು ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ. ಯೂನಿವರ್ಸಿಟಿ ಅಂದರೆ ಪಾಠ, ಪರೀಕ್ಷೆ, ಫಲಿತಾಂಶ ತಡ, ಇಷ್ಟೇ ಅಂದುಕೊಂಡಿದ್ದೀರಿ. ಬೆಳಗಾವಿಯಲ್ಲಿ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು 1998ರಿಂದ ಇದೆ, ರಾಣಿ ಚನ್ನಮ್ಮ 2010ರಿಂದ. ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯ 2003ರಲ್ಲಿ ಬಂತು, ಬಾಗಲಕೋಟೆಯಲ್ಲಿ ತೋಟಗಾರಿಕೆಯದು 2008ರಲ್ಲಿ. ಇಷ್ಟೂ ಕಡೆ ಕೂತವರು ಏನೆಲ್ಲ ಕೆದಕುತ್ತಾರೆ ಅಂತ ನಿಮಗೆ ಗೊತ್ತೇ ಇಲ್ಲ.

ದ್ರಾಕ್ಷಿಯನ್ನೇ ತಗೊಳ್ಳಿ. ಹಣ್ಣಿನ ಮೈಮೇಲೆ ಮೇಣದ ಪದರ ಇರುತ್ತದೆ, ಒಳಗಿನ ನೀರು ಬೇಗ ಹೊರಗೆ ಬರುವುದಿಲ್ಲ. ಅದಕ್ಕೇ ನಮ್ಮ ರೈತರು ಪೊಟ್ಯಾಸಿಯಂ ಕಾರ್ಬೋನೇಟ್ ಮತ್ತು ಈಥೈಲ್ ಓಲಿಯೇಟ್ ಕಲಸಿದ ನೀರಿನಲ್ಲಿ ಗೊಂಚಲು ಅದ್ದಿ ಶೆಡ್ಡಿನಲ್ಲಿ ಹರಡುತ್ತಾರೆ. 15 ದಿನದ ಆಸುಪಾಸಿಗೆ ಒಣದ್ರಾಕ್ಷಿ. ಎಷ್ಟು ಹೊತ್ತು ಅದ್ದಬೇಕು, ಎಷ್ಟು ಕಲಸಬೇಕು, ಬಣ್ಣ ಯಾಕೆ ಕಪ್ಪಾಗುತ್ತದೆ, ಇದೆಲ್ಲ ಯಾರೋ ಒಬ್ಬರು ಗೊಂಚಲು ತೂಗಿ ತೂಗಿ ಬರೆದಿಟ್ಟ ವಿಷಯ. ದಾಳಿಂಬೆಯ ಅಂಗಮಾರಿಯೂ ಹಾಗೇ. ಹಣ್ಣಿನ ಮೇಲೆ ಎಣ್ಣೆ ಹತ್ತಿದಂಥ ಚುಕ್ಕೆ ಬಿದ್ದು ಕಾಯಿ ಸೀಳುತ್ತದಲ್ಲ, ಅದು. ಆ ರೋಗಕ್ಕೆ ತೋಟಕ್ಕೆ ತೋಟ ಕಿತ್ತು ಒಗೆದವರು ನಮ್ಮ ಮದುವೆ ಪಂಕ್ತಿಯಲ್ಲೇ ಇದ್ದರು. ಅವರೂ ನಕ್ಕರು.

ಇನ್ನೊಂದು ಕಡೆ ನೀರು. ಆದಿಲ್‌ಶಾಹಿಗಳು ತೊರವಿ ಕಡೆಯಿಂದ ನೆಲದೊಳಗೆ ಸುರಂಗ ತೋಡಿ ವಿಜಯಪುರಕ್ಕೆ ನೀರು ತಂದರು. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಅನ್ನುವ ಕಲ್ಲಿನ ಗೋಪುರ ಕಟ್ಟಿದರು. ನೀರಿನ ಒತ್ತಡ ತಗ್ಗಲಿ, ಮಣ್ಣು ಕೆಳಗೆ ಕೂರಲಿ ಅಂತ. ಇವತ್ತು ಆ ಗಂಜ್‌ಗಳಿಗೆ ಪೋಸ್ಟರ್ ಅಂಟಿಸುತ್ತೇವೆ. ಇಳಕಲ್ ಸೀರೆಯ ಸೆರಗನ್ನು ಮೈಗೆ ಕೊಂಡಿ ಹಾಕಿ ಸೇರಿಸುತ್ತಾರಲ್ಲ, ಆ ಕೊಂಡಿಯ ಹಿಂದೆ ವರ್ಷಗಟ್ಟಲೆ ಬಿದ್ದವರಿದ್ದಾರೆ. ಶ್ರೀಕೃಷ್ಣ ಪಾರಿಜಾತದ ಬಯಲಾಟವನ್ನು ರಾತ್ರಿಯಿಡೀ ಕೂತು ರೆಕಾರ್ಡ್ ಮಾಡಿ, ಬೆಳಿಗ್ಗೆ ಬ್ಯಾಟರಿ ಹೋಗಿದ್ದು ಗೊತ್ತಾಗಿ ಅತ್ತವರಿದ್ದಾರೆ. ಎಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟ್ ಬಗ್ಗೆ ಹೇಳಲ್ಲ. ಅರ್ಧಕ್ಕರ್ಧ ನೀರಿನ ಮೋಟಾರು ತಾನೇ ಆಫ್ ಆಗುವ ಯಂತ್ರ.

ನನಗೆ ಎಲ್ಲಕ್ಕಿಂತ ಇಷ್ಟ ಬೀಸುವ ಪದಗಳ ಪ್ರಬಂಧಗಳು. ಬಾದಾಮಿಯ ಬಂಡೆ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ. ಸುಮಾರು 700ನೇ ಇಸವಿಯದು. "ಸಾಧುಗೆ ಸಾಧು" ಅಂತ ಶುರುವಾಗುವ ಪದ್ಯ ಅದರಲ್ಲೇ ಇರುವುದು. ಅದು ತ್ರಿಪದಿ. ನಮ್ಮ ಆಯಿ ಬೀಸುಕಲ್ಲಿನ ಮುಂದೆ ಕೂತು ಹಾಡುತ್ತಿದ್ದದ್ದೂ ತ್ರಿಪದಿಯೇ. ಆಯಿಗೆ ಸಹಿ ಮಾಡಲು ಬರುತ್ತಿರಲಿಲ್ಲ. ಈ ವಿಷಯ ನನಗೆ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ. ಸ್ಕ್ಯಾನರ್ ಬಿಸಿಯಾಗಲಿ ಅಂತ ಕಾಯುತ್ತಾ ಸುಮ್ನೆ ಹಾಳೆ ತಿರುವಿದಾಗ ಸಿಕ್ಕಿದ್ದು.

ಈಗ ವಚನ ಸಂಗ್ರಹಿಸಿದ ಫ.ಗು. ಹಳಕಟ್ಟಿಯವರ ಹೆಸರೆತ್ತಿ ನಿಮ್ಮ ಬಾಯಿ ಮುಚ್ಚಿಸಬಹುದು. ವಿಜಯಪುರದಲ್ಲಿ ಪ್ರತಿ ಭಾಷಣದಲ್ಲೂ ಅದನ್ನೇ ಮಾಡುತ್ತಾರೆ. ತಾಳೆಗರಿ ಹುಡುಕಿ ಮನೆ ಮನೆ ಅಲೆದರು, 1923ರಲ್ಲಿ ವಚನಗಳ ಪುಸ್ತಕ ತಂದರು, ಅವತ್ತು ಯಾರು ಓದುತ್ತಿದ್ದರು ಅಂತ. ಆದರೆ ಅದು ಮೋಸದ ಉದಾಹರಣೆ. ಅವರು ವಕೀಲರು. ಯೂನಿವರ್ಸಿಟಿಯ ಸಂಬಳವಿಲ್ಲ, ಗೈಡ್ ಇಲ್ಲ, ಮುಗಿಸಿದರೆ ಪ್ರಮೋಷನ್ ಇಲ್ಲ. ಅವರ ಹೆಸರಿನ ಕೆಳಗೆ ನಮ್ಮ ಎಲ್ಲ ಪ್ರಬಂಧಗಳನ್ನು ಬಚ್ಚಿಡುವುದು ಸರಿಯಲ್ಲ.

ಯಾಕಂದರೆ ಕೆಟ್ಟವೂ ಇವೆ. ಬೇಕಾದಷ್ಟಿವೆ. ಅರ್ಧ ಪ್ರಬಂಧಗಳ ಹೆಸರು "ಒಂದು ಅಧ್ಯಯನ" ಅಂತ ಮುಗಿಯುತ್ತದೆ, ಎರಡು ಅಧ್ಯಯನ ಅಂದುಬಿಟ್ಟಾರು ಎಂಬ ಭಯವೇನೋ. ಮೊದಲ ಅಧ್ಯಾಯ ಜಿಲ್ಲೆಯ ಮಳೆ, ಮಣ್ಣು, ಜನಸಂಖ್ಯೆ. ವಿಷಯ ಕಾದಂಬರಿಯಾದರೂ ಮಳೆ ಬಿದ್ದೇ ಬೀಳುತ್ತದೆ. ಬೇರೆಯವರ ಬರಹದ ಜೊತೆ ಹೋಲಿಕೆ ನೂರಕ್ಕೆ ಹತ್ತು ದಾಟಬಾರದು ಅಂತ 2018ರ ನಿಯಮ. ಆ ಲೆಕ್ಕಕ್ಕೆ ಬಾರದ ಕೃತಜ್ಞತೆಯ ಪುಟಗಳನ್ನು ಮಾತ್ರ ಜನ ಒಬ್ಬರದ್ದನ್ನೊಬ್ಬರು ನೋಡಿ ಇಳಿಸಿಕೊಳ್ಳುತ್ತಾರೆ. ಗುರುಗಳು, ಗುರುಪತ್ನಿ, ಡಿಟಿಪಿ ಮಾಡಿದವರು, ಆಮೇಲೆ "ಮನೆಗೆಲಸದ ಹೊರೆ ಹೊತ್ತ ಪತ್ನಿ". ಗಂಡ ಹೊರೆ ಹೊತ್ತದ್ದನ್ನು ನಾನಿನ್ನೂ ಸ್ಕ್ಯಾನ್ ಮಾಡಿಲ್ಲ.

ಹಾಗಿದ್ದರೂ ನಾನು ಎಲ್ಲದರ ಅನುಬಂಧ ನೋಡುತ್ತೇನೆ. ಪ್ರಬಂಧ ಎಷ್ಟು ಕೆಟ್ಟದಿದ್ದರೂ ಹಿಂದೆ ಹತ್ತಿಪ್ಪತ್ತು ಪುಟ ನಿಜವಾದದ್ದು ಇರುತ್ತದೆ. ಹಾಡು, ಪ್ರಶ್ನಾವಳಿ, ಮಾಹಿತಿ ಕೊಟ್ಟವರ ಪಟ್ಟಿ. ಹೆಸರು, ವಯಸ್ಸು, ಊರು, ಉದ್ಯೋಗ. ಯಾರು ಓದುತ್ತಾರೆ ಅಂತ ಕೇಳುವ ನೀವು, ಇದರೊಳಗೆ ಯಾರಿದ್ದಾರೆ ಅಂತ ಒಮ್ಮೆಯಾದರೂ ಕೇಳಿದ್ದೀರಾ? ನಮ್ಮೂರಿನ ಬಗ್ಗೆ ಏನಾದರೂ ಇದೆಯಾ ಅಂತ? ಹಾಗೆ ಕೇಳಿದರೆ ನಾನು ರಜಾ ದಿನವೂ ಬಂದು ಹುಡುಕಿಕೊಡುತ್ತೇನೆ.

ಒಬ್ಬರು ಕೇಳಿದರು. ಆ ಮದುವೆ ಮುಗಿದು ಎರಡು ತಿಂಗಳಿಗೆ ಕಾಕಾ ಫೋನ್ ಮಾಡಿದರು. ಪೀಠಿಕೆ ಇಲ್ಲ. "ನಮ್ಮೂರ ಬಗ್ಗೆ ಏನರೆ ಐತೇನು ನಿನ್ನ ಪುಸ್ತಕದಾಗ?"

ಕಾಕಾನ ಊರು ಘಟಪ್ರಭಾ ದಂಡೆಯಲ್ಲಿತ್ತು. ಈಗ ಇಲ್ಲ. ಆಲಮಟ್ಟಿ ಅಣೆಕಟ್ಟಿನಲ್ಲಿ ನೀರು 519.6 ಮೀಟರಿಗೆ ನಿಂತರೆ ಆ ಊರು ತಳದಲ್ಲಿರುತ್ತದೆ. ಮುಳುಗಡೆಯಾದವರ ಮೇಲಿನ ಪ್ರಬಂಧವೊಂದು ನಮ್ಮ ಕಪಾಟಿನಲ್ಲಿತ್ತು. ಅದೂ "ಒಂದು ಅಧ್ಯಯನ"ವೇ. ಅನುಬಂಧದ ಎಂಟು ಪುಟ ಝೆರಾಕ್ಸ್ ಮಾಡಿ ಬಸ್ಸಿನಲ್ಲಿ ಕಳಿಸಿದೆ. ಮಾಹಿತಿ ಕೊಟ್ಟವರ ಪಟ್ಟಿಯಲ್ಲಿ ಕಾಕಾನ ತೀರಿಹೋದ ಅಣ್ಣನ ಹೆಸರಿತ್ತು.

ಮಾರನೇ ದಿನ ಮತ್ತೆ ಫೋನ್. ಅಳುತ್ತಾರೇನೋ ಅಂದುಕೊಂಡೆ.

"ಅಣ್ಣಗ 61 ಅಂತ ಬರದಾರ. ಆಗ ಅಂವಗ 68. ತಿದ್ದಸು."

ಕಾಕಾ, ಅದು ತಿದ್ದಲಿಕ್ಕೆ ಬರಲ್ಲ, ಅಚ್ಚಾಗಿ ಡಿಗ್ರಿನೂ ಕೊಟ್ಟಾಗಿದೆ ಅಂದೆ.

"ಅಂದ್ರ ಓದದ ಡಿಗ್ರಿ ಕೊಟ್ರೇನು?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ವಲ್ಪ ಸುಮ್ಮನಿದ್ದು ಮತ್ತೆ ಕೇಳಿದರು: "ಊರ ನಕ್ಷಾ ಅರ್ಧಾ ಐತಿ. ನಮ್ಮ ಹೊಲಾ ಆ ಕಡಿ ಬರ್ತೈತಿ. ಉಳದದ್ದೆಲ್ಲಿ?"

ತಪ್ಪು ನನ್ನದು. ಅದು ಮಡಚಿಟ್ಟ ದೊಡ್ಡ ಹಾಳೆ. ಝೆರಾಕ್ಸಿಗೂ ಹಿಡಿಸಲಿಲ್ಲ, ಹಿಂದೆ ಸ್ಕ್ಯಾನ್ ಮಾಡುವಾಗಲೂ ಹಿಡಿಸಿರಲಿಲ್ಲ. ಯಾರು ನೋಡುತ್ತಾರೆ ಬಿಡು ಅಂತ ನಾನೇ ಅರ್ಧಕ್ಕೆ ಬಿಟ್ಟಿದ್ದೆ. ಶೋಧಗಂಗಾದಲ್ಲೂ ಆ ಊರು ಅರ್ಧವೇ ಇದೆ. ಸೋಮವಾರ ಹಾಳೆ ಬಿಚ್ಚಿ ನಾಲ್ಕು ತುಂಡಾಗಿ ಸ್ಕ್ಯಾನ್ ಮಾಡಬೇಕು. ಹಳೇ ಕಾಗದ, ಮಡಿಕೆಯಲ್ಲಿ ಹರಿಯುವ ಹಾಗಿದೆ. ಕಾಕಾ ತಾವೇ ಬಂದು ಒಂದು ತುದಿ ಹಿಡಿಯುತ್ತಾರಂತೆ.