ಸರಿಯಾಗಿದ್ದ ಬಿಲ್ಲನ್ನು ವಾಪಸ್ ಕಳಿಸಿದ್ದೆ

ನಮ್ಮ ಕ್ರೀಡಾ ಫೆಡರೇಶನ್ನಿನ ಎಜಿಎಂಗೆ, ಅಂದರೆ ವಾರ್ಷಿಕ ಸಾಮಾನ್ಯ ಸಭೆಗೆ, ಇನ್ನು ಒಂದು ವಾರ ಇತ್ತು. ಬೆಳಿಗ್ಗೆ ಹತ್ತೂವರೆಗೆ ಮಂಡ್ಯದಿಂದ ಒಬ್ಬರು ಮಹಿಳಾ ಕೋಚ್ ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಆಫೀಸಿಗೆ ಬಂದರು. ಮಾರ್ಚ್‌ನಲ್ಲಿ ನಡೆದ ಜೂನಿಯರ್ ಹುಡುಗಿಯರ ಶಿಬಿರಕ್ಕೆ ಅವರು ಸಹಾಯಕ ಕೋಚ್ ಆಗಿ ಹೋಗಿದ್ದರು. ಗೌರವಧನ ಬಂದಿರಲಿಲ್ಲ.

"ಮೇಡಂ, ನಾಲ್ಕು ತಿಂಗಳಾಯ್ತು. ಬಿಲ್ಲು ಶಿಬಿರ ನಡೆಸಿದ ರಾಜ್ಯ ಘಟಕದವರಿಗೇ ಕೊಟ್ಟಿದ್ದೆ. ಅವರು ಕಳಿಸಿಲ್ಲ ಅಂದ್ರು. ಅದಕ್ಕೆ ಇನ್ನೊಂದು ಬರ್ಕೊಂಡು ಬಂದೆ."

ಬಿಲ್ಲು ನೋಡಿದೆ. 14 ದಿನ, ದಿನಕ್ಕೆ 1,500ರಂತೆ 21,000 ರೂಪಾಯಿ. ಫೈಲ್ ತೆಗೆದೆ. ಮಂಜೂರಾತಿ ಪತ್ರದಲ್ಲಿ 25 ದಿನ ಇತ್ತು. ಪೆನ್ಸಿಲ್ ತೆಗೆದುಕೊಂಡು 14ರ ಸುತ್ತ ಒಂದು ಗೆರೆ ಹಾಕಿ ಬಿಲ್ಲನ್ನು ವಾಪಸ್ ಕೊಟ್ಟೆ. "ಇದು ಟ್ಯಾಲಿ ಆಗ್ತಿಲ್ಲ. ಶಿಬಿರ 25 ದಿನದ್ದು. ತಿದ್ದಿ ತನ್ನಿ, ಅದೇ ದಿನ ಹಾಕಿಸ್ತೀನಿ" ಅಂದೆ.

ಅವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ನನ್ನ ಫೋನ್ ಬಂತು. ಅವರು ಬಿಲ್ಲನ್ನು ಫೋಲ್ಡರಿನೊಳಗೆ ಇಟ್ಟುಕೊಂಡು ಹೊರಟರು.

ಲೆಕ್ಕ ಬರೆಯುವ ಈ ಕೆಲಸಕ್ಕೆ ಬಂದು ಒಂಬತ್ತು ವರ್ಷ. ಕಡಿಮೆ ದುಡ್ಡು ಕೇಳಿ ತಪ್ಪು ಬಿಲ್ಲು ಬರೆಯುವವರನ್ನು ನಾನು ಒಬ್ಬರನ್ನೂ ನೋಡಿಲ್ಲ. ಆ ದಿನ ಆ ಯೋಚನೆ ನನಗೆ ಬರಲೇ ಇಲ್ಲ. ಈಗಲೂ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ನಮ್ಮದು ಒಂದು ರಾಷ್ಟ್ರೀಯ ಕ್ರೀಡಾ ಫೆಡರೇಶನ್. ಹೆಸರು ಬೇಡ. ಖಜಾಂಚಿ ಸರ್ ಮೈಸೂರಿನವರು, ಹಾಗಾಗಿ ಲೆಕ್ಕಪತ್ರ ಮೈಸೂರಿನಲ್ಲಿದೆ. ಕಾರ್ಯದರ್ಶಿಗಳು ದೆಹಲಿಯಲ್ಲಿ, ಅಧ್ಯಕ್ಷರು ಇನ್ನೊಂದು ಊರಿನಲ್ಲಿ. ಓಚರ್ ಒಂದು ಕಡೆ, ಚೆಕ್‌ಬುಕ್ ಇನ್ನೊಂದು ಕಡೆ, ಮಂಜೂರಾತಿ ಪತ್ರದ ಫೋಟೋ ವಾಟ್ಸಾಪಿನಲ್ಲಿ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯ ಬ್ಯಾಕಪ್ ಮೂರು ಲ್ಯಾಪ್‌ಟಾಪಿನಲ್ಲಿ ಓಡಾಡುತ್ತಿತ್ತು. ಇದನ್ನು ಸರಿಮಾಡಿ ಎಂದು ನಾನು ಕೇಳುತ್ತಲೇ ಬಂದಿದ್ದೇನೆ. ಪ್ರತಿ ವರ್ಷ "ಎಜಿಎಂ ಆಗಲಿ" ಅನ್ನುತ್ತಾರೆ.

ರಾಷ್ಟ್ರೀಯ ಫೆಡರೇಶನ್ ಅಂದರೆ ನಮ್ಮ ಬೀದಿಯವರಿಗೆ ಬಿಸಿಸಿಐ ನೆನಪಾಗುತ್ತದೆ. ನೀವು ಕೋಟಿಗಳ ಲೆಕ್ಕ ಬರೆಯೋರು ಅಲ್ವಾ ಅಂತ ಕೇಳುತ್ತಾರೆ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರ ಹಕ್ಕು ಒಂದೇ 48,390 ಕೋಟಿಗೆ ಹೋಯಿತು. ಆ ಲೋಕವೇ ಬೇರೆ. ನಮ್ಮಂಥ ಆಟಗಳಲ್ಲಿ ಸ್ವಂತ ಆದಾಯ ಅಂದರೆ ರಾಜ್ಯ ಘಟಕಗಳ ಅಫಿಲಿಯೇಶನ್ ಫೀ, ಆಟಗಾರರ ನೋಂದಣಿ ಫೀ, ಚಾಂಪಿಯನ್‌ಶಿಪ್‌ನ ಎಂಟ್ರಿ ಫೀ, ಅಪರೂಪಕ್ಕೆ ಒಬ್ಬ ಪ್ರಾಯೋಜಕ. ಉಳಿದದ್ದೆಲ್ಲ ಕೇಂದ್ರದ ನೆರವು. ವರ್ಷದ ಎಸಿಟಿಸಿ, ಅಂದರೆ ತರಬೇತಿ ಮತ್ತು ಸ್ಪರ್ಧೆಗಳ ವಾರ್ಷಿಕ ಕ್ಯಾಲೆಂಡರ್, ಒಪ್ಪಿಗೆಯಾಗಬೇಕು. ಅದರಲ್ಲಿ ಶಿಬಿರಕ್ಕೆ ಇಷ್ಟು, ವಿದೇಶಿ ಟೂರ್ನಿಗೆ ಇಷ್ಟು, ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗೆ ಇಷ್ಟು ಎಂದು ಬರುತ್ತದೆ. ಒಂದರ ದುಡ್ಡು ಇನ್ನೊಂದಕ್ಕೆ ಹಾಕುವಂತಿಲ್ಲ. ಅನುದಾನ ಖಾತೆಯಲ್ಲಿ ಬಿದ್ದ ಬಡ್ಡಿ ಕೂಡ ನಮ್ಮದಲ್ಲ. 2017ರ ಜಿಎಫ್‌ಆರ್ (ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು) ಪ್ರಕಾರ ಅದು ಭಾರತದ ಸಂಚಿತ ನಿಧಿಗೆ ವಾಪಸ್ ಹೋಗಬೇಕು. ನಾನು ಸೇರಿದ ಹೊಸದರಲ್ಲಿ ಆ ಬಡ್ಡಿಯನ್ನು ಇತರೆ ಆದಾಯದಲ್ಲಿ ತೋರಿಸುತ್ತಿದ್ದರು. ಅದನ್ನು ಬಿಡಿಸಿ ಸರ್ಕಾರಕ್ಕೆ ದುಡ್ಡು ಕಟ್ಟುವ ಪೋರ್ಟಲ್ ಭಾರತ್‌ಕೋಶ್‌ನಲ್ಲಿ ಕಟ್ಟಿಸಿದ್ದು ನಾನೇ. ಅದಕ್ಕೇ ಅನುದಾನದ ಲೆಕ್ಕ ನನಗೆ ಚೆನ್ನಾಗಿ ಗೊತ್ತು ಎಂಬ ಧೈರ್ಯ ಜಾಸ್ತಿ ಇತ್ತು.

ಆ ಶಿಬಿರಕ್ಕೆ ಮಂಜೂರಾದದ್ದು 14,50,000 ರೂಪಾಯಿ. 36 ಹುಡುಗಿಯರು, ಮಾರ್ಚ್ 3ರಿಂದ 27ರವರೆಗೆ. ಜಾಗ ಕೊಟ್ಟ ರಾಜ್ಯ ಘಟಕಕ್ಕೆ ಪೂರ್ತಿ ಮೊತ್ತವನ್ನು ಮುಂಗಡ ಕೊಟ್ಟೆವು. ಮಾರ್ಚ್ 31ರ ಸಂಜೆ ಲೆಡ್ಜರಿನಲ್ಲಿ ಆ ಮುಂಗಡ ಹಾಗೇ ನಿಂತಿತ್ತು. ದೆಹಲಿಯಿಂದ ಫೋನ್ ಮೇಲೆ ಫೋನ್. ದುಡ್ಡು ಉಳಿದಿದೆ ಎಂದು ತೋರಿಸಿದರೆ ಮುಂದಿನ ವರ್ಷದ ಎಸಿಟಿಸಿಯಲ್ಲಿ ಕತ್ತರಿ ಬೀಳುತ್ತದೆ ಎಂಬ ಭಯ ನಮ್ಮಲ್ಲಿ ಎಲ್ಲರಿಗೂ ಇದೆ. ನಾನು ಘಟಕದ ಕಾರ್ಯದರ್ಶಿಗೆ ಫೋನ್ ಮಾಡಿದೆ. "ಎಲ್ಲಾ ಖರ್ಚಾಗಿದೆ ಮೇಡಂ, ಬಿಲ್ ಕೊರಿಯರ್ ಹಾಕ್ತಿದ್ದೀವಿ" ಅಂದರು. ಒಂದು ಜೆವಿ (ಜರ್ನಲ್ ಓಚರ್, ಲೆಕ್ಕದಲ್ಲಷ್ಟೇ ಆಗುವ ಹೊಂದಾಣಿಕೆ ಎಂಟ್ರಿ) ಹೊಡೆದೆ. ಮುಂಗಡ ಹೋಯಿತು, ಶಿಬಿರದ ಖರ್ಚು ಬಂತು. ಆ ವರ್ಷ ಅಂಥ 60 ಎಂಟ್ರಿ ಮಾಡಿದ್ದೇನೆ. ಇದೂ ಅದರಲ್ಲೊಂದು ಅಂದುಕೊಂಡೆ.

ಜೂನ್‌ನಲ್ಲಿ ಯುಸಿ, ಅಂದರೆ ಅನುದಾನದ ಬಳಕೆ ಪ್ರಮಾಣಪತ್ರ, ಹೋಯಿತು. ಜಿಎಫ್‌ಆರ್ 12-ಎ ನಮೂನೆಯಲ್ಲಿ ವರ್ಷದ ಕೊನೆಯ ಸ್ಥಿತಿ ಹೇಳುವ ಕಡೆ ಎರಡು ಸಾಲು ಇವೆ. ಒಂದು ಕೈಯಲ್ಲಿ ಮತ್ತು ಬ್ಯಾಂಕಿನಲ್ಲಿ ಉಳಿದದ್ದು. ಇನ್ನೊಂದು ಹೊಂದಾಣಿಕೆಯಾಗದ ಮುಂಗಡ. ಹೀಗೆ ಆಗುತ್ತದೆ ಎಂದು ಗೊತ್ತಿದ್ದೇ ನಮೂನೆ ಮಾಡಿದವರು ಆ ಸಾಲು ಇಟ್ಟಿದ್ದಾರೆ. ಮುಂಗಡ ಇನ್ನೂ ನಿಂತಿದೆ ಎಂದು ಬರೆಯುವುದು ತಪ್ಪೇನಲ್ಲ. ನಾನು ಆ ಸಾಲಿನಲ್ಲಿ ಸೊನ್ನೆ ಬರೆದೆ. ಖಜಾಂಚಿ ಸರ್ ಸಹಿ ಹಾಕಿದರು. ಆಡಿಟರ್ ಯುಡಿಐಎನ್ (ಅವರ ಸರ್ಟಿಫಿಕೇಟಿನ ಗುರುತಿನ ಸಂಖ್ಯೆ) ಹಾಕಿ ಕೊಟ್ಟರು.

ಎಜಿಎಂ ಜುಲೈ ಕೊನೆಯ ಭಾನುವಾರ, ರೈಲ್ವೆ ಸ್ಟೇಷನ್ ಹತ್ತಿರದ ಒಂದು ಹೋಟೆಲಿನ ಹಾಲ್‌ನಲ್ಲಿ. ಸುಮಾರು 40 ಜನ. ಬೆಳಿಗ್ಗೆ ಮಸಾಲೆ ದೋಸೆ ಕೊಡಿಸಿದ್ದೆವು, ಎಲ್ಲರೂ ಖುಷಿಯಾಗಿದ್ದರು. ಮಧ್ಯಾಹ್ನ ಚಾಮುಂಡಿ ಬೆಟ್ಟಕ್ಕೆ ಬಸ್ ಹೇಳಿದ್ದೆವು. ಲೆಕ್ಕಪತ್ರ ಅಜೆಂಡಾದ ನಾಲ್ಕನೇ ವಿಷಯ. ಹತ್ತು ನಿಮಿಷದಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ.

ಒಬ್ಬರು ಹಿರಿಯರು ಎದ್ದು ನಿಂತರು. ಬೇರೆ ರಾಜ್ಯದ ಪ್ರತಿನಿಧಿ. ಹಿಂದಿಯಲ್ಲಿ ಕೇಳಿದರು: "ಲೆಕ್ಕಪತ್ರದ ಶೆಡ್ಯೂಲ್ 9 ನೋಡಿ. ಜೂನಿಯರ್ ಶಿಬಿರಕ್ಕೆ ಮಂಜೂರಾತಿ 14,50,000. ಖರ್ಚೂ 14,50,000. ನಾನು ಇಪ್ಪತ್ತು ವರ್ಷ ಶಿಬಿರ ನಡೆಸಿದ್ದೇನೆ. ಹಾಲಿನ ಲೆಕ್ಕವೇ ಒಂದು ದಿನವೂ ರೌಂಡಾಗಿ ಬರಲ್ಲ. ನಿಮ್ಮದು ಹೇಗೆ ಬಂತು?"

ಅದು ಚುನಾವಣೆಯ ವರ್ಷ. ಅವರು ಎದುರು ಬಣದವರು. ನಾನು ಖಜಾಂಚಿ ಸರ್ ಕಿವಿಯಲ್ಲಿ ಹೇಳಿದೆ: "ಸರ್, ಎಲೆಕ್ಷನ್ ಮಾತು ಇದು. ಆಡಿಟ್ ಆಗಿದೆ ಅಂತ ಹೇಳಿ ಮುಂದೆ ಹೋಗೋಣ."

ಸರ್ ಬ್ಯಾಂಕಿನಲ್ಲಿ 30 ವರ್ಷ ಕೆಲಸ ಮಾಡಿ ನಿವೃತ್ತರಾದವರು. ನನ್ನ ಕಡೆ ತಿರುಗಿ, "ಓಚರ್ ತೆಗೀಮ್ಮಾ" ಅಂದರು.

ಲ್ಯಾಪ್‌ಟಾಪ್ ತೆರೆದೆ. ಟ್ಯಾಲಿ ತೆರೆಯಲು ಎಂದೂ ಇಲ್ಲದಷ್ಟು ಹೊತ್ತು ಹಿಡಿಯಿತು. ಹಾಲ್‌ನಲ್ಲಿ ಎಲ್ಲರೂ ಸುಮ್ಮನಿದ್ದರು. ಫ್ಯಾನಿನ ಸದ್ದು ಮಾತ್ರ. ಎಂಟ್ರಿ ಸಿಕ್ಕಿತು. ಮಾರ್ಚ್ 31, ಮುಂಗಡ ಹೊಂದಾಣಿಕೆ, 14,50,000. ಅದರ ಕೆಳಗೆ ಏನೂ ಇಲ್ಲ. ಕೊರಿಯರ್‌ನಲ್ಲಿ ಬರಬೇಕಾದ ಬಿಲ್ಲು ನಾಲ್ಕು ತಿಂಗಳಾದರೂ ಬಂದಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಆಡಿಟರ್ ಸ್ಯಾಂಪಲ್‌ನಲ್ಲಿ ಈ ಎಂಟ್ರಿ ಬಿದ್ದಿರಲಿಲ್ಲ. ಅದೇ ಪರದೆಯಲ್ಲಿ ಇನ್ನೊಂದು ಸಾಲು ಕಣ್ಣಿಗೆ ಬಿತ್ತು. ಮಾರ್ಚ್ 18, ಟ್ರಾವೆಲ್ ಏಜೆಂಟಿಗೆ ಟಿಕೆಟ್ ಕ್ಯಾನ್ಸಲ್ ಮತ್ತು ಮರುಬುಕಿಂಗ್ ಶುಲ್ಕ. ನಾನೇ ಅದನ್ನು ಇತರೆ ಖರ್ಚಿಗೆ ಹಾಕಿದ್ದೆ. 27ರವರೆಗೆ ಇರಬೇಕಾದ ಮಕ್ಕಳ ಟಿಕೆಟ್ 18ಕ್ಕೂ ಮೊದಲೇ ಯಾಕೆ ಬದಲಾಯಿತು?

ಆ ಮಂಡ್ಯದ ಕೋಚ್ ಆವತ್ತು ಹೊರಗೆ ರಿಜಿಸ್ಟ್ರೇಶನ್ ಟೇಬಲ್ ಹತ್ತಿರ ಇದ್ದರು. ಸ್ಥಳೀಯ ಸ್ವಯಂಸೇವಕರ ಜೊತೆ ಬ್ಯಾಡ್ಜ್ ಹಂಚುತ್ತಿದ್ದರು. "ಐದು ನಿಮಿಷ ಸರ್" ಎಂದು ಎದ್ದು ಹೊರಗೆ ಹೋದೆ. ಕಾಲು ನಡುಗುತ್ತಿತ್ತು.

"ಶಿಬಿರ ಎಷ್ಟು ದಿನ ನಡೀತು?"

"ಹದಿನಾಲ್ಕೇ ದಿನ ಮೇಡಂ. ಹಾಸ್ಟೆಲ್‌ನಲ್ಲಿ ನೀರು ನಿಂತೋಯ್ತು. ಎರಡು ದಿನ ಟ್ಯಾಂಕರ್ ತರಿಸಿದ್ರು, ಆಗ್ಲಿಲ್ಲ. 16ನೇ ತಾರೀಕು ರಾತ್ರಿ ಮಕ್ಕಳನ್ನ ರೈಲು ಹತ್ತಿಸಿದ್ವಿ."

"ಮತ್ತೆ ಆ ದಿನ ಆಫೀಸಲ್ಲಿ ಹೇಳಲಿಲ್ಲವಲ್ಲ?"

"ಬಿಲ್ಲಲ್ಲೇ ಬರೆದಿದ್ನಲ್ಲ ಮೇಡಂ. ನೀವು ತಿದ್ದಿ ತನ್ನಿ ಅಂದ್ರಿ. ನಡೀದೇ ಇರೋ ದಿನಕ್ಕೆ ನಾನೆಂಗೆ ದುಡ್ಡು ಈಸ್ಕೊಳ್ಳಲಿ? ಅದಕ್ಕೆ ಸುಮ್ನಾದೆ."

ಅವರ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಮಾಡಿಕೊಂಡಿದ್ದರೆ ನನಗೆ ಸ್ವಲ್ಪ ಹಗುರ ಆಗುತ್ತಿತ್ತು.

ಒಳಗೆ ಹೋಗಿ ಸರ್‌ಗೆ ಒಂದು ಚೀಟಿಯಲ್ಲಿ ಬರೆದು ಕೊಟ್ಟೆ: "ಶಿಬಿರ 14 ದಿನ. ಬಿಲ್ ಇಲ್ಲ. ಯುಸಿ ತಪ್ಪು." ಅವರು ಓದಿದರು. ಕನ್ನಡಕ ತೆಗೆದು ಟೇಬಲ್ ಮೇಲೆ ಇಟ್ಟರು. ಎದ್ದು ನಿಂತು, ಈ ಅಂಕಿ ಸರಿ ಇಲ್ಲ, ಪ್ರಶ್ನೆ ಕೇಳಿದವರು ಸರಿಯಾಗಿ ಕೇಳಿದ್ದಾರೆ, ಈ ಲೆಕ್ಕವನ್ನು ಇವತ್ತು ಅಂಗೀಕರಿಸಬೇಡಿ ಎಂದರು. ಕಾರ್ಯದರ್ಶಿಗಳ ಮುಖ ಕಪ್ಪಾಯಿತು. ಯಾರೋ ಹಿಂದಿನಿಂದ ಕೂಗಿದರು. ಆ ಹಿರಿಯರು ಮಾತ್ರ ಕೂಗಲಿಲ್ಲ. ಕೈಮುಗಿದು ಕೂತರು. ನಾನು ಬಣ ನೋಡಿ ಅವರ ಪ್ರಶ್ನೆಯನ್ನು ತಳ್ಳಿಹಾಕಿದ್ದೆ. ಆ ಹಾಲ್‌ನಲ್ಲಿ ಶೆಡ್ಯೂಲನ್ನು ನಿಜವಾಗಿ ಓದಿದ್ದವರು ಅವರೊಬ್ಬರೇ.

ಮುಂದಿನ ಎರಡು ತಿಂಗಳು ಬರೀ ಇದೇ ಕೆಲಸ. ಘಟಕದಿಂದ ಬಿಲ್ಲು ತರಿಸಿ ಒಂದೊಂದನ್ನೂ ನೋಡಿದೆ. ನಿಜವಾದ ಖರ್ಚು 8,63,410. ಉಳಿದ 5,86,590 ರೂಪಾಯಿ ಅವರ ಖಾತೆಯಲ್ಲೇ ಇತ್ತು. ಕದ್ದಿರಲಿಲ್ಲ. ಮುಂದಿನ ಶಿಬಿರಕ್ಕೆ ಇರಲಿ ಎಂದು ಇಟ್ಟುಕೊಂಡಿದ್ದರಂತೆ. ಬಡ್ಡಿ ಸಮೇತ ವಾಪಸ್ ತರಿಸಿದೆವು. ಆಡಿಟರ್ ಹಳೆಯ ಯುಡಿಐಎನ್ ರದ್ದು ಮಾಡಿ ಹೊಸ ಸರ್ಟಿಫಿಕೇಟ್ ಕೊಟ್ಟರು. ನನ್ನ ಜೊತೆ ಒಂದು ವಾರ ಮಾತಾಡಲಿಲ್ಲ, ಅದು ಅವರ ಹಕ್ಕು. ಆ ವರ್ಷ ನಮ್ಮ ಆದಾಯ 5 ಕೋಟಿ ದಾಟಿತ್ತು, ಹಾಗಾಗಿ ಆದಾಯ ತೆರಿಗೆಯ ಆಡಿಟ್ ವರದಿ 10ಬಿ ನಮೂನೆಯಲ್ಲಿ ಕೊಡಬೇಕಿತ್ತು. ಪುಣ್ಯಕ್ಕೆ ಅದನ್ನು ಇನ್ನೂ ಅಪ್‌ಲೋಡ್ ಮಾಡಿರಲಿಲ್ಲ. ಆದಾಯದ 85 ಪರ್ಸೆಂಟ್ ಸಂಸ್ಥೆಯ ಉದ್ದೇಶಕ್ಕೇ ಖರ್ಚಾಗಿದೆಯೇ ಎಂಬ ಲೆಕ್ಕವನ್ನು ಮೊದಲಿಂದ ಹಾಕಿದೆವು.

ಕಾಗದ ಸರಿಹೋಯಿತು. ಆದರೆ ತಿದ್ದಿದ ಯುಸಿ ದೆಹಲಿಯಲ್ಲಿ ಒಪ್ಪಿಗೆಯಾಗುವವರೆಗೆ ಮುಂದಿನ ಕಂತು ಬರಲಿಲ್ಲ. ಅಕ್ಟೋಬರ್ ರಜೆಯಲ್ಲಿ ಆಗಬೇಕಿದ್ದ ಹುಡುಗಿಯರ ಶಿಬಿರ ಡಿಸೆಂಬರಿಗೆ ಹೋಯಿತು. ಆರು ಹುಡುಗಿಯರು ಬರಲಿಲ್ಲ. ಪರೀಕ್ಷೆ ಹತ್ತಿರ ಬಂತು, ಮನೆಯಲ್ಲಿ ಬಿಡಲ್ಲ ಅಂದರು. ಅವರ ಹೆಸರುಗಳು ಪಟ್ಟಿಯಲ್ಲಿ ಗೆರೆ ಎಳೆದುಕೊಂಡು ನನ್ನ ಟೇಬಲ್ಲಿಗೆ ಬಂದವು. ಟಿಕೆಟ್ ಕ್ಯಾನ್ಸಲ್ ಮಾಡಿಸಬೇಕಿತ್ತಲ್ಲ, ಅದಕ್ಕೆ. ನನ್ನ ಒಂದು ಜೆವಿ ಆ ಆರು ಹೆಸರಿನವರೆಗೆ ಹೋಗಿ ಮುಟ್ಟುತ್ತದೆ ಎಂದು ಮಾರ್ಚ್ 31ರ ಸಂಜೆ ನನಗೆ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಈಗ ನಾನು ಫೋನಿನಲ್ಲಿ ಕೇಳಿ ಎಂಟ್ರಿ ಮಾಡುವುದಿಲ್ಲ, ಯಾರು ಬೈದರೂ ಸರಿ. ಶಿಬಿರ ಮುಗಿದ ಮೇಲೆ ಮೊದಲು ಕೇಳುವುದು ಹಾಜರಿ ಪುಸ್ತಕ ಮತ್ತು ಮಕ್ಕಳು ವಾಪಸ್ ಹೋದ ರೈಲು ಟಿಕೆಟ್. ಘಟಕದ ಕಾರ್ಯದರ್ಶಿಗಿಂತ ಮೊದಲು ಕೋಚ್‌ಗೆ ಫೋನ್ ಮಾಡುತ್ತೇನೆ. ಮಂಜೂರಾತಿಗೂ ಖರ್ಚಿಗೂ ರೂಪಾಯಿ ವ್ಯತ್ಯಾಸ ಇಲ್ಲದಿದ್ದರೆ ಆ ಫೈಲನ್ನು ಬದಿಗಿಡುತ್ತೇನೆ. ಕಳೆದ ಮಾರ್ಚ್‌ನಲ್ಲಿ ಹೊಂದಾಣಿಕೆಯಾಗದ ಮುಂಗಡದ ಸಾಲಿನಲ್ಲಿ ಮೂರು ಘಟಕಗಳ ಮೊತ್ತ ಬರೆದೆ. ದೆಹಲಿಯಿಂದ ಫೋನ್ ಬಂತು, ಜೋರು ಮಾತೂ ಆಯಿತು. ಸರ್ ನನ್ನ ಪರ ನಿಂತರು. ಆ ವರ್ಷ ಎಸಿಟಿಸಿಯಲ್ಲಿ ಕತ್ತರಿ ಬೀಳಲಿಲ್ಲ. ಟ್ಯಾಲಿ ಮಾತ್ರ ಇನ್ನೂ ಮೂರು ಲ್ಯಾಪ್‌ಟಾಪಿನಲ್ಲೇ ಇದೆ.

ಕೋಚ್‌ಗೆ 21,000 ರೂಪಾಯಿ ಆಗಸ್ಟ್‌ನಲ್ಲಿ ಹಾಕಿಸಿದೆ. ಓಚರ್‌ಗೆ ಸಹಿ ಹಾಕಲು ಅವರು ಮತ್ತೆ ಬಸ್ಸಿನಲ್ಲಿ ಮೈಸೂರಿಗೆ ಬಂದರು. ನಾನೇ ಮಂಡ್ಯಕ್ಕೆ ಬರುತ್ತೇನೆ ಅಂದಿದ್ದೆ, ಒಪ್ಪಲಿಲ್ಲ. ಹೊಸ ಬಿಲ್ಲು ಬರೆದುಕೊಂಡು ಬಂದಿರಲಿಲ್ಲ. ಅದೇ ಹಳೆಯ ಹಾಳೆ, ಅದೇ ಫೋಲ್ಡರ್. 14ರ ಸುತ್ತ ನನ್ನ ಪೆನ್ಸಿಲ್ ಗೆರೆ ಹಾಗೇ ಇತ್ತು.

"ಅಳಿಸಿ ಬಿಡ್ಲಾ ಮೇಡಂ?" ಎಂದು ಕೇಳಿದರು.

ಬೇಡ ಅಂದೆ. ಹಾಗೇ ಪಂಚ್ ಮಾಡಿ ಫೈಲಿಗೆ ಹಾಕಿದೆ.