ಬೆಂಗಳೂರು ಬಿಟ್ಟು ಸಾಗರಕ್ಕೆ ಬಂದರೆ ಖರ್ಚು ಅರ್ಧವಾಗುತ್ತದಾ?

ಮನೆಯಿಂದಲೇ ಕೆಲಸ ಮಾಡುವವರು ತಿರುಗಿ ತಿರುಗಿ ಕೇಳುವ ಪ್ರಶ್ನೆ ಇದು. ಕಂಪನಿ ಆಫೀಸಿಗೆ ಕರೆಯುತ್ತಿಲ್ಲ, ಹಾಗಿದ್ದ ಮೇಲೆ ವೈಟ್‌ಫೀಲ್ಡಿನ ಬಾಡಿಗೆ ಯಾಕೆ ಕಟ್ಟಬೇಕು, ಶಿವಮೊಗ್ಗ ಜಿಲ್ಲೆಯ ಸಾಗರದಂಥ ಊರಿಗೆ ಬಂದುಬಿಡಬಾರದೇ ಅಂತ. ಉತ್ತರ: ಬಾಡಿಗೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಮಿಕ್ಕ ಖರ್ಚು ಅಷ್ಟೇನೂ ಇಳಿಯುವುದಿಲ್ಲ.

ಸೋಪು, ಎಣ್ಣೆ, ಡೈಪರಿನ ಎಂಆರ್‌ಪಿ ಎರಡೂ ಕಡೆ ಒಂದೇ. ಬೆಂಗಳೂರಿನ ದೊಡ್ಡ ಮಳಿಗೆಗಳ ರಿಯಾಯಿತಿ ಇಲ್ಲಿ ಸಿಗುವುದು ಕಷ್ಟ. ಟೊಮೆಟೊ, ಬೀನ್ಸ್, ಕ್ಯಾರೆಟ್ ಬಯಲುಸೀಮೆಯಿಂದ ಲಾರಿ ಹತ್ತಿ ಬರಬೇಕು. ಬಸಳೆ, ಬಾಳೆಕಾಯಿ, ಕೆಸುವಿನ ಸೊಪ್ಪು, ಹಲಸು ಮಾತ್ರ ಅಗ್ಗ, ಅದೂ ಅದರ ಕಾಲದಲ್ಲಿ. ಗೃಹಜ್ಯೋತಿ ಎರಡೂ ಕಡೆ ಇದೆ. ನಿಜವಾಗಿ ಉಳಿಯುವುದು ಬಾಡಿಗೆ ಮತ್ತು ಓಡಾಟದ ಹೊತ್ತು. ಆಫೀಸಿಗೆ ಹೋಗಿಬರಲು ದಿನಕ್ಕೆ ಮೂರು ಗಂಟೆ ಬಸ್ಸು, ಮೆಟ್ರೊದಲ್ಲಿ ಕಳೆಯುತ್ತಿದ್ದವರಿಗೆ 22 ಕೆಲಸದ ದಿನಕ್ಕೆ 66 ಗಂಟೆ ಮಿಗುತ್ತದೆ. ಮೊದಲೇ ಮನೆಯಲ್ಲಿ ಕೂತು ಕೆಲಸ ಮಾಡುತ್ತಿದ್ದವರಿಗೆ ಆ ಲಾಭವೂ ಇಲ್ಲ.

ಆದರೆ ಲೆಕ್ಕ ತಪ್ಪುವುದು ದುಡ್ಡಿನಲ್ಲಲ್ಲ, 'ಎರಡನೆಯದ'ರಲ್ಲಿ. ಬೆಂಗಳೂರಿನಲ್ಲಿ ಒಂದು ಇಂಟರ್‌ನೆಟ್ ಕೈಕೊಟ್ಟರೆ ಇನ್ನೊಂದು, ಒಬ್ಬ ಪ್ಲಂಬರ್ ಬರದಿದ್ದರೆ ಇನ್ನೊಬ್ಬ, ಒಂದು ಆಸ್ಪತ್ರೆಯಲ್ಲಿ ಬೆಡ್ ಇಲ್ಲದಿದ್ದರೆ ಮತ್ತೊಂದು. ಸಣ್ಣ ಊರಿನಲ್ಲಿ ಎಲ್ಲವೂ ಇರುತ್ತದೆ, ಎಷ್ಟೋ ಸಲ ಒಂದೊಂದೇ ಇರುತ್ತದೆ. ಆ ಎರಡನೆಯದನ್ನು ನೀವೇ ಕೊಂಡು ಇಟ್ಟುಕೊಳ್ಳಬೇಕು.

ಮೊದಲು ಕರೆಂಟು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕರೆಂಟ್ ಹೋದರೆ ಕೆಳಗಿನ ಜನರೇಟರ್ ತಾನೇ ಶುರುವಾಗುತ್ತದೆ, ಅದರ ಡೀಸೆಲ್ ಖರ್ಚು ಮೇಂಟೆನೆನ್ಸಿನಲ್ಲೇ ಸೇರಿರುತ್ತದೆ. ಮೆಸ್ಕಾಂ ವ್ಯಾಪ್ತಿಯ ಮಲೆನಾಡಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿಮಳೆಗೆ ಮರ ತಂತಿಯ ಮೇಲೆ ಬೀಳುವುದು ಮಾಮೂಲು. ಪೇಟೆಯೊಳಗೆ ಕೆಲವು ಗಂಟೆಯಲ್ಲಿ ಸರಿಹೋಗುತ್ತದೆ, ಪೇಟೆ ದಾಟಿ ತೋಟದ ಮನೆಯಾದರೆ ಎರಡು ದಿನವೂ ಹಿಡಿಯಬಹುದು.

ಒಬ್ಬರ ಕೆಲಸಕ್ಕೆ ಎಷ್ಟು ಬೇಕೆಂದು ಹೀಗೆ ಲೆಕ್ಕ ಹಾಕಿ: ಲ್ಯಾಪ್‌ಟಾಪ್ 60 ವ್ಯಾಟ್, ಮಾನಿಟರ್ 25, ರೂಟರ್ 15, ಎರಡು ಎಲ್‌ಇಡಿ ಬಲ್ಬು 20, ಕಡಿಮೆ ಕರೆಂಟ್ ಎಳೆಯುವ ಬಿಎಲ್‌ಡಿಸಿ ಫ್ಯಾನ್ 30. ಒಟ್ಟು 150 ವ್ಯಾಟ್. 12 ವೋಲ್ಟಿನ 150 ಎಎಚ್ (ಆಂಪಿಯರ್‌ಅವರ್) ಟ್ಯೂಬುಲಾರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್‌ಅವರ್ ಇರುತ್ತದೆ. ಬ್ಯಾಟರಿ ಬಾಳಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಇನ್ವರ್ಟರಿನಲ್ಲಿ ಶೇ 15ರಷ್ಟು ಹೋಗುತ್ತದೆ. ಕೈಗೆ ಸಿಗುವುದು 765, ಅಂದರೆ ಐದು ಗಂಟೆ. ಹಳೆಯ 75 ವ್ಯಾಟಿನ ಫ್ಯಾನ್ ಇದ್ದರೆ ನಾಲ್ಕು ಗಂಟೆಯೂ ಬರುವುದಿಲ್ಲ.

ಇಲ್ಲಿ ಹೆಚ್ಚಿನವರು ಮರೆಯುವುದು ತುಂಬಿಸುವ ಹೊತ್ತನ್ನು. ಅರ್ಧ ಖಾಲಿಯಾದ ಬ್ಯಾಟರಿ 15 ಆಂಪಿಯರಿನಲ್ಲಿ ತುಂಬಲು ಆರೇಳು ಗಂಟೆ ಬೇಕು. ಕರೆಂಟ್ ಎರಡು ಗಂಟೆ ಬಂದು ಮತ್ತೆ ಹೋದರೆ ಸಂಜೆಯ ಮೀಟಿಂಗಿಗೆ ಬ್ಯಾಟರಿ ಇರುವುದಿಲ್ಲ. ಎರಡು ಬ್ಯಾಟರಿ ಬೇಕಾದೀತು ಅನ್ನಿಸಿದರೆ ಮೊದಲ ದಿನವೇ 24 ವೋಲ್ಟಿನ ಇನ್ವರ್ಟರ್ ತೆಗೆದುಕೊಂಡು ಎರಡನ್ನೂ ಒಟ್ಟಿಗೆ ಹಾಕಿಸಿ. ಮೂರು ವರ್ಷದ ಹಳೆಯ ಬ್ಯಾಟರಿಗೆ ಹೊಸದನ್ನು ಜೋಡಿಸಿದರೆ ಹಳೆಯದು ಹೊಸದನ್ನೂ ಕೆಡಿಸುತ್ತದೆ.

ಇನ್ನು ಇಂಟರ್‌ನೆಟ್. ಮನೆಯಲ್ಲಿ ಇನ್ವರ್ಟರ್ ಇದ್ದರೂ ನೆಟ್ ಹೋಗುವುದೇಕೆ? ರೂಟರ್ ಪಕ್ಕದ ಫೈಬರ್ ಡಬ್ಬಿಯ ದೀಪಗಳನ್ನು ನೋಡಿ. 'ಲಾಸ್' (LOS) ಎಂಬ ದೀಪ ಕೆಂಪಗೆ ಮಿನುಗುತ್ತಿದ್ದರೆ ನಿಮ್ಮವರೆಗೆ ಬೆಳಕೇ ಬರುತ್ತಿಲ್ಲ: ಎಲ್ಲೋ ಕೇಬಲ್ ತುಂಡಾಗಿದೆ, ಇಲ್ಲವೇ ಆಪರೇಟರ್ ಮೆಷಿನ್ ಇಟ್ಟ ಕಡೆ ಕರೆಂಟ್ ಹೋಗಿ ಅವರ ಬ್ಯಾಟರಿ ಮುಗಿದಿದೆ. 'ಪಾನ್' (PON) ದೀಪ ಹಸಿರಾಗಿದ್ದೂ ನೆಟ್ ಇಲ್ಲದಿದ್ದರೆ ತೊಂದರೆ ಹೆಚ್ಚಾಗಿ ಆಪರೇಟರ್ ಮೆಷಿನ್ನಿನಿಂದ ಆಚೆಗಿನದು, ತಂತಿ ಎಳೆಯುವ ಹುಡುಗನನ್ನು ಕರೆಸಿ ಪ್ರಯೋಜನವಿಲ್ಲ. ಕನೆಕ್ಷನ್ ಹಾಕಿಸುವ ಮುಂಚೆ ಆಪರೇಟರನ್ನು ಕೇಳಬೇಕಾದದ್ದು ಸ್ಪೀಡಲ್ಲ: 'ನಿಮ್ಮ ಮೆಷಿನ್ ಎಲ್ಲಿದೆ, ಅಲ್ಲಿ ಬ್ಯಾಟರಿ ಎಷ್ಟು ಗಂಟೆ ಬರುತ್ತೆ?'

ಎರಡು ಕಂಪನಿಯ ಫೈಬರ್ ಹಾಕಿಸಿ ನೆಮ್ಮದಿಯಾಗಿ ಇರುವವರಿಗೆ ಒಂದು ಮಾತು. ಬೀದಿಗಿಳಿದು ತಲೆ ಎತ್ತಿ ನೋಡಿ, ಎರಡೂ ಅದೇ ಕಂಬದ ಮೇಲೆ ಬಂದಿದ್ದರೆ ಅದೇ ಮರ ಎರಡನ್ನೂ ಕೆಡವುತ್ತದೆ. ಎರಡನೆಯದು ಬೇರೆ ಕಂಪನಿಯ ಸಿಮ್ ಆಗಿರಲಿ, ಸಾಧ್ಯವಾದರೆ ಬೇರೆ ಟವರಿನದು. ಟವರಿನ ಬ್ಯಾಟರಿಯೂ ಕೆಲವು ಗಂಟೆಯದೇ, ಹಾಗಾಗಿ ಕರೆಂಟ್ ಹೋಗಿ ನಾಲ್ಕೈದು ಗಂಟೆಯಾದ ಮೇಲೆ ಸಿಗ್ನಲ್ ಇದೆಯೇ ಎಂದು ಅಕ್ಕಪಕ್ಕದವರನ್ನು ಕೇಳಿ.

ನೀರಿನ ವಿಷಯದಲ್ಲಿ ನಗರದವರಿಗೆ ಹೇಳಿಕೊಡಬೇಕಾದದ್ದು ಕಡಿಮೆ. 2024ರ ಬೇಸಿಗೆಯಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರಿಗೆ ದರ ನಿಗದಿ ಮಾಡಬೇಕಾಯಿತು: 5 ಕಿ.ಮೀ. ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000. ಅದೇ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಬಂತು. ಸಾಗರದ ಕಡೆ ಮಳೆ ಹೊಯ್ದು ಹೊಯ್ದು ಸುರಿದರೂ ಬಾವಿಯ ನೀರು ಏಪ್ರಿಲ್-ಮೇ ಹೊತ್ತಿಗೆ ತಳ ಕಾಣುವ ಮನೆಗಳಿವೆ. ಮಾಲೀಕರನ್ನು ಕೇಳಿದರೆ 'ನೀರಿಗೇನೂ ತೊಂದ್ರೆ ಇಲ್ಲ' ಅನ್ನುತ್ತಾರೆ, ಪಕ್ಕದ ಮನೆಯವರನ್ನು ಕೇಳಿ.

ಮನೆಯಲ್ಲಿ ಅರವತ್ತು ದಾಟಿದವರಿದ್ದರೆ ಬಾಡಿಗೆಗಿಂತ ಮೊದಲು ಆಸ್ಪತ್ರೆಯ ದೂರ ನೋಡಿ. ಸಾಗರದಿಂದ ಶಿವಮೊಗ್ಗ ಸುಮಾರು 70 ಕಿ.ಮೀ., ಮಳೆಗಾಲದ ರಾತ್ರಿ ಎರಡು ಗಂಟೆ ಹಿಡಿದುಕೊಳ್ಳಿ. ಹೃದಯಾಘಾತದಲ್ಲಿ ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿಗೆ ತಲುಪಲಾಗದಿದ್ದರೆ ಹತ್ತಿರದ ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ಆಮೇಲೆ ಕಳಿಸುವುದು ಕ್ರಮ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳನ್ನು ಜಯದೇವದಂಥ ದೊಡ್ಡ ಆಸ್ಪತ್ರೆಗಳಿಗೆ ಜೋಡಿಸಿದ್ದು ಇದಕ್ಕೇ. ಹಾಗಾಗಿ ಎದೆನೋವು ಬಂದಾಗ ಕಾರು ಹತ್ತಿಸಿ ನೇರ ಶಿವಮೊಗ್ಗದ ದಾರಿ ಹಿಡಿಯುವುದು ತಪ್ಪು; ಮೊದಲು ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಇಸಿಜಿ. ಪಾರ್ಶ್ವವಾಯುವಿಗೆ ಈ ಇಂಜೆಕ್ಷನ್ನಿನ ಗಡುವು ನಾಲ್ಕೂವರೆ ಗಂಟೆ, ಅದೂ ಸಿಟಿ ಸ್ಕ್ಯಾನ್ ಆದ ಮೇಲೆ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಬೇಕಾದವರು ಜಾಗ ಖಾಲಿ ಇದೆಯೇ ಎಂದು ಖಚಿತ ಮಾಡಿಕೊಳ್ಳದೆ ಸಾಮಾನು ಕಟ್ಟಬಾರದು.

ಮಕ್ಕಳ ವಿಷಯದಲ್ಲಿ ಒಂದು ತಪ್ಪು ನಂಬಿಕೆ ಬಲವಾಗಿದೆ: ಸಣ್ಣ ಊರಲ್ಲಿ ಓದಿಸಿದರೆ ಸಿಇಟಿಯಲ್ಲಿ ಶೇ 15ರ ಗ್ರಾಮೀಣ ಮೀಸಲಾತಿ ಸಿಗುತ್ತದೆ ಅಂತ. ಒಂದರಿಂದ ಹತ್ತನೆಯ ತರಗತಿವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿರಬೇಕು. ಸಾಗರ ನಗರಸಭೆ, ಅದರೊಳಗಿನ ಶಾಲೆ ಗ್ರಾಮೀಣವಲ್ಲ. ಐದನೆಯ ತರಗತಿಗೆ ಬೆಂಗಳೂರಿನಿಂದ ಹಳ್ಳಿಗೇ ಕರೆತಂದರೂ ಇಲ್ಲ. ಪಿಯುಸಿಗೆ ಮಂಗಳೂರು, ಮೂಡುಬಿದಿರೆ ಎಂದು ಹೊರಟರೆ ಹಾಸ್ಟೆಲ್ ಫೀಸಿನ ಎರಡು ವರ್ಷ ಬಾಡಿಗೆಯ ಉಳಿತಾಯವನ್ನು ಚೆನ್ನಾಗಿಯೇ ತಿನ್ನುತ್ತದೆ.

ಬೆಂಗಳೂರಿಗೆ ಹೋಗಿಬರಲು ರಾತ್ರಿಯ ತಾಳಗುಪ್ಪ–ಮೈಸೂರು ರೈಲು ಸಾಗರ ಜಂಬಗಾರು ನಿಲ್ದಾಣದಲ್ಲಿ ನಿಲ್ಲುತ್ತದೆ, ಟಿಕೆಟ್ ಈಗ 60 ದಿನ ಮುಂಚೆ ತೆರೆಯುತ್ತದೆ. ಹಬ್ಬದ ವಾರಗಳಿಗೆ ಅದೇ ದಿನ ಹಾಕಿಬಿಡಿ.

'ಯಾರ ಕಡೆಯವರು?' ಎಂಬ ಪ್ರಶ್ನೆ ಮೊದಲ ವಾರವೇ ಬರುತ್ತದೆ. ಕಿರಿಕಿರಿ ಅನ್ನಿಸಬಹುದು, ಆದರೆ ರಾತ್ರಿ ಹತ್ತಕ್ಕೆ ಪಂಪ್ ಸುಟ್ಟಾಗ ಎಲೆಕ್ಟ್ರಿಷಿಯನ್ ಬರುವುದೂ ಆ ಪರಿಚಯದಿಂದಲೇ. ಮದುವೆ, ಗೃಹಪ್ರವೇಶ, ವೈಕುಂಠ ಸಮಾರಾಧನೆ ಎಂದು ತಿಂಗಳಿಗೆ ನಾಲ್ಕು ಮಧ್ಯಾಹ್ನ ಹೋಗುತ್ತವೆ, ರಜೆ ಲೆಕ್ಕ ಅದಕ್ಕೆ ತಕ್ಕಂತೆ ಇರಲಿ.

ಮನೆ ನೋಡಲು ನವೆಂಬರಿನಲ್ಲಿ ಬರಬೇಡಿ. ಆಗ ಎಲ್ಲ ಮನೆಯೂ ಚೆಂದ. ಜುಲೈನಲ್ಲಿ ಬಂದು ಗೋಡೆಗೆ ಹೊಂದಿಕೊಂಡ ಕಪಾಟಿನ ಬಾಗಿಲು ತೆಗೆದು ಮೂಸಿ. ಬೂಷ್ಟಿನ ವಾಸನೆ ಬಂದರೆ ಆ ಗೋಡೆಗೆ ಹೊರಗಿನಿಂದ ಇರಚಲು ಬಡಿಯುತ್ತಿದೆ, ನಿಮ್ಮ ಬಟ್ಟೆ, ಪುಸ್ತಕ, ಲ್ಯಾಪ್‌ಟಾಪಿನ ಚೀಲ ಎಲ್ಲಕ್ಕೂ ಅದೇ ಗತಿ. ಮಾಲೀಕರು ಆ ಕಡೆ ತಗಡಿನ ಮಾಡು ಇಳಿಸಿಕೊಡಲು ಒಪ್ಪಿದರೆ ಅದನ್ನು ಕರಾರಿನಲ್ಲಿ ಬರೆಸಿ, ಅಡ್ವಾನ್ಸ್ ಆಮೇಲೆ ಕೊಡಿ.